ಬೆರೆಸಿದ್ದೋ, ಬೆರೆಸದ್ದೋ

ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷಗಳ ಹಿಂದೆ, ಬ್ರಹ್ಮಾಂಡ ಇನ್ನೂ ಹಸುಗೂಸಾಗಿದ್ದಾಗ ಹೊರಟ ಬೆಳಕು ಇಂದಿಗೂ ಆಕಾಶದ ಮೂಲೆಮೂಲೆಯಲ್ಲಿ ಮಂಕಾಗಿ ಉಳಿದಿದೆ. ಅದನ್ನು ನಮ್ಮ ಪ್ರೊಫೆಸರಮ್ಮನಷ್ಟು ಬಲ್ಲವರು ಭೂಮಿಯ ಮೇಲಿಲ್ಲ. ಬೇಕಾದರೆ ಬೇರೆ ಗ್ರಹಗಳಲ್ಲೂ ವಿಚಾರಿಸಿ ಬನ್ನಿ.

ಮೂವತ್ತೊಂದು ವರ್ಷ ಅವರು ಆ ಬೆಳಕಿನಲ್ಲಿ ಹುಡುಕಿದ್ದು ಒಂದು ಸುಳಿಯನ್ನು, ಬ್ರಹ್ಮಾಂಡ ಹುಟ್ಟಿದ ಕ್ಷಣ ಬಿಟ್ಟುಹೋದ ಗುರುತನ್ನು. ಕೂದಲನ್ನು ಸಾವಿರ ಸಲ ಸೀಳಿದರೂ ಅಷ್ಟು ಸಣ್ಣದಾಗದು. ಅದು ಇವತ್ತು ಬೆಳಗ್ಗೆ ಹನ್ನೊಂದಕ್ಕೆ ಸಿಕ್ಕಿತು. ಲೆಕ್ಕ ಮಾಡಿದ ಶಿಷ್ಯೆ ಕುರ್ಚಿ ಹತ್ತಿ ಕುಣಿದ ರಭಸಕ್ಕೆ ಕೆಳಗಿನ ಮಹಡಿಯವರು ಭೂಕಂಪವೆಂದು ಅಂಗಳಕ್ಕೆ ಓಡಿದರು.

ಆದರೆ ಆಸೆಗಣ್ಣಿಗೆ ಇಲ್ಲದ್ದೂ ಕಾಣುತ್ತದೆ. ಸಿಕ್ಕಿದ್ದು ಸುಳ್ಳೂ ಇರಬಹುದೆಂಬ ಅಂಜಿಕೆಯಲ್ಲಿ ಎಲ್ಲರೂ ಎಚ್ಚರದಿಂದ ಲೆಕ್ಕ ಮಾಡಲಿ ಎಂದೇ ಈ ತಂಡದಲ್ಲೊಂದು ಪದ್ಧತಿ: ಒಬ್ಬರು ಗುಟ್ಟಾಗಿ ಟೆಲಿಸ್ಕೋಪಿನ ಮಾಹಿತಿಯಲ್ಲಿ ಸುಳ್ಳು ಸುಳಿಯೊಂದನ್ನು ಬೆರೆಸಬೇಕು, ಅಥವಾ ಬೆರೆಸದೆ ಸುಮ್ಮನಿರಬೇಕು. ಉಳಿದವರ ಲೆಕ್ಕ ಮುಗಿದ ಮೇಲೆ ಲಕೋಟೆ ತೆರೆದು ನಿಜ ಹೇಳಬೇಕು. ಈ ಸಲ ಗುಟ್ಟು ಪ್ರೊಫೆಸರಮ್ಮನದು.

ಮೇಜಿನ ಬೀಗ ತೆಗೆದರು. ಲಕೋಟೆ ಎರಡಿದ್ದವು. ಒಂದರಲ್ಲಿ 'ಬೆರೆಸಿದ್ದೇನೆ', ಇನ್ನೊಂದರಲ್ಲಿ 'ಬೆರೆಸಿಲ್ಲ'. ಎರಡೂ ಅವರದೇ ಅಕ್ಷರ. ಮೂರು ವರ್ಷದ ಹಿಂದೆ ಎರಡನ್ನೂ ಬರೆದು, ನಾಣ್ಯ ಚಿಮ್ಮಿ, ಬೇಡದ್ದನ್ನು ಹರಿದುಹಾಕುವ ಯೋಚನೆ ಮಾಡಿದ್ದರು. ಹರಿಯುವುದನ್ನು ಮರೆತಿದ್ದರು. ನಾಣ್ಯ ಹೇಗೆ ಬಿತ್ತೆಂಬುದೂ ಮರೆತಿತ್ತು. ಬೆರೆಸುವ ಯಂತ್ರವನ್ನು ಕೇಳೋಣವೆಂದರೆ, ಅದು ಎಳ್ಳಷ್ಟೂ ಗುರುತು ಉಳಿಸದಂತೆ ಕಟ್ಟಿದವರು ಇವರೇ; ಆ ಜಾಣತನಕ್ಕೆ ಮೂರು ಖಂಡಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದರು.

ಗಂಡನಿಗೆ ಫೋನ್ ಮಾಡಿದರು.

"ರೀ, ಮೂರು ವರ್ಷದ ಹಿಂದೆ ಟೆಲಿಸ್ಕೋಪ್ ಶುರುವಾದ ದಿನ ಮನೆಗೆ ಬಂದಾಗ ನಾನು ಹೇಗಿದ್ದೆ?"

"ನಗ್ತಾ ಇದ್ದೆ ಕಣೆ."

"ಏನೋ ಮಾಡಿ ಬಂದ ನಗುವಾ, ಮಾಡದೆ ಬಂದ ನಗುವಾ?"

"ಮದುವೆಯಾದಾಗಿಂದ ನನಗೂ ಅದೇ ಅರ್ಥವಾಗಿಲ್ಲ. ಯಾಕೆ, ಮತ್ತೆ ಕನ್ನಡಕ ಕಳ್ಕೊಂಡ್ಯಾ?"

ಫೋನಿಟ್ಟರು. 'ಬೆರೆಸಿದ್ದೇನೆ' ಎಂಬುದನ್ನು ಹರಿದರೆ ಮುಗಿಯಿತು. ಮೂವತ್ತೊಂದು ವರ್ಷ ಸಾರ್ಥಕ, ಜಗತ್ತೇ ಬಾಗಿಲಿಗೆ ಬರುತ್ತದೆ. ಅದು ಸುಳ್ಳೇ ಆಗಬೇಕೆಂದೂ ಇಲ್ಲವಲ್ಲ! ನಿಜವಿದ್ದರೂ ಇರಬಹುದು. ನಿಜವಾಗಿದ್ದರೆ ಅದು ಮೋಸವೋ, ಅಲ್ಲವೋ? ಲಕೋಟೆಯ ಅಂಚನ್ನು ಒಂದು ಬೆರಳಗಲ ಹರಿದರು, ನಿಲ್ಲಿಸಿದರು. ತಲೆ ಬುಗುರಿಯಾಗಿತ್ತು.

ಶಿಷ್ಯೆ ಬಾಗಿಲಲ್ಲಿ ನಿಂತಿದ್ದಳು. "ಮೇಡಂ, ಎಲ್ಲರೂ ಕಾಯ್ತಿದಾರೆ. ಲಕೋಟೆ ತರ್ತೀರಾ?"

ಪ್ರೊಫೆಸರಮ್ಮ ಎರಡನ್ನೂ ಅವಳ ಕೈಗಿಟ್ಟರು. ಅವಳು ಅದನ್ನೋದಿ, ಇದನ್ನೋದಿ, ಮತ್ತೆ ಅದನ್ನೋದಿದಳು.

"ಹಾಗಾದ್ರೆ ಸುಳಿ ಇದೆಯಾ, ಇಲ್ವಾ?"

"ಇರಬಹುದು ಕಣಮ್ಮ. ಇಲ್ಲದೆಯೂ ಇರಬಹುದು. ನಾನು ಮರೆತುಬಿಟ್ಟೆ."

ಶಿಷ್ಯೆ ನಕ್ಕಳೋ ಅತ್ತಳೋ, ಅದೂ ಪ್ರೊಫೆಸರಮ್ಮನಿಗೆ ತಿಳಿಯಲಿಲ್ಲ.

"ಮತ್ತೆ ಮೊದಲಿಂದ ನೋಡೋಕೆ?"

"ಮೂರು ವರ್ಷ."

"ನಿಮ್ಮ ನಿವೃತ್ತಿ?"

"ಮುಂದಿನ ವರ್ಷ."

ಶಿಷ್ಯೆ ಕಣ್ಣೊರೆಸಿಕೊಂಡಳು. "ಸಿಕ್ಕಿದ ದಿನ ನಿಮಗೇ ಮೊದಲು ಫೋನ್ ಮಾಡ್ತೀನಿ, ಮೇಡಂ."

"ಮಾಡಮ್ಮ. ಸಿಗದಿದ್ರೂ ಮಾಡು."