ಗೆದ್ದಲಿನ ಬಳಗ

ಸಿಂಧನೂರಿನ ಆ ಖಾಸಗಿ ಕಾಲೇಜಿಗೆ ಗೆಸ್ಟ್ ಲೆಕ್ಚರರ್ ಆಗಿ ಸೇರಿದ ದಿನ ಅನುಪಮಾಳನ್ನು ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥ ಅಮರಗುಂಡಪ್ಪ ಮೊದಲು ಊರು ಕೇಳಿದರು. ಪಾಮನಕಲ್ಲೂರು ಅಂದಳು. ಆಮೇಲೆ ಓಣಿ ಕೇಳಿದರು. ಹೇಳಿದಳು. ಜಾತಿ ಕೇಳುವ ಕಷ್ಟ ಅವರಿಗೆ ಉಳಿಯಲಿಲ್ಲ. ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪು, ಅವಳಿಗೆ ಪೇಪರ್ ಕಪ್ಪು. “ಗೆಸ್ಟ್ ಅಲ್ರೀ, ಅದಕ್ಕ,” ಎಂದಿದ್ದ ಜವಾನ ದಾದೇಸಾಬ, ಮುಖ ನೋಡದೆ. ಆರು ವರ್ಷ ಅವಳು ಅದನ್ನೇ ನಂಬಿದಳು, ಅಥವಾ ನಂಬಿದಂತೆ ಇದ್ದಳು. ಹೋದ ತಿಂಗಳು ಅಶ್ವಿನಿ ಬಂದಳು. ಅವಳೂ ಗೆಸ್ಟೇ. ಅವಳಿಗೆ ಮೊದಲ ದಿನವೇ ಪಿಂಗಾಣಿ ಕಪ್ಪು ಬಂತು.

ಆದರೂ ಅನುಪಮಾ ಬಾಯಿ ಬಿಡಲಿಲ್ಲ. ಈ ಸಲ ಒಂದು ಹುದ್ದೆ ಕಾಯಂ ಆಗುವುದಿತ್ತು, ಅದು ಅವಳಿಗೇ ಎಂದು ಅಮರಗುಂಡಪ್ಪ ಮಾತು ಕೊಟ್ಟಿದ್ದರು. ಪರಿಶೀಲನೆಗೆ ಬರುವ ಸಮಿತಿಗೆ ತೋರಿಸಲು ವಿಭಾಗದಲ್ಲಿ ಇದ್ದದ್ದಾದರೂ ಏನು? ಅವಳ ಕೀಟಗಳ ಪೆಟ್ಟಿಗೆ ಒಂದೇ. ಜವಳಗೇರಾದ ಭತ್ತದ ಗದ್ದೆಯ ಏರೋಪ್ಲೇನ್ ಚಿಟ್ಟೆ, ಮಸ್ಕಿ ಗುಡ್ಡದ ಜೀರುಂಡೆ, ತನ್ನೂರಿನ ತೊಗರಿ ಹೊಲದ ಮಿಡತೆ. ರೆಕ್ಕೆ, ಮೀಸೆ, ಬಾಯಿ ನೋಡಿ ಯಾವುದು ಯಾರ ಬಳಗ ಎಂದು ಸಾಲು ಹಚ್ಚಿದ್ದಳು. ಒಂದೊಂದರ ಕೆಳಗೂ ಚೀಟಿ: ಬಳಗ, ಸಿಕ್ಕ ಜಾಗ, ಹಿಡಿದವರು.

ಸಮಿತಿ ಬರುವ ದಿನ ಬೆಳಿಗ್ಗೆ ಅಮರಗುಂಡಪ್ಪ ಪೆಟ್ಟಿಗೆ ತೆರೆದು ಹೌಹಾರಿದರು.

“ಏನ್ರೀ ಇದು, ಗೆದ್ದಲಾ ಒಯ್ದು ಇರುವಿ ಬಿಟ್ಟು ಜಿರಳಿ ಬಾಜೂಕ ಇಟ್ಟೀರಿ? ಬಂದವರು ನಗ್ತಾರ.”

“ಮೈ ನೋಡ್ರಿ ಸರ್. ಇರುವಿಗೆ ನಡ ಸಣ್ಣದೈತಿ, ಗೆದ್ದಲಿಗಿ ಇಲ್ಲ. ಇರುವಿ ಮೀಸಿ ಮೊಣಕೈಯಂಗ ಮಡಚಿರ್ತಾವ, ಇದರವು ಮಣಿಸರದಂಗ ನೆಟ್ಟಗ. ಇದು ಜಿರಳಿ ವಂಶದ್ದೇರಿ.”

“ಎರಡೂ ಗೂಡು ಕಟ್ತಾವ, ಎರಡಕ್ಕೂ ರಾಣಿ ಐತಿ. ನನಗ ಕಲಿಸಾಕ ಬರಬ್ಯಾಡ್ರಿ.”

ಗೆದ್ದಲಿದ್ದ ಸ್ಪಿರಿಟ್ಟಿನ ಸೀಸೆಯನ್ನು ಎತ್ತಿ ಇರುವೆಗಳ ನಡುವೆ ಇಟ್ಟೇಬಿಟ್ಟರು. ಎದುರಾಡಿದರೆ ಹುದ್ದೆ ಹೋಗುತ್ತದೆಂದು ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆಗೆ ಆಮೇಲೆ ತನ್ನನ್ನೇ ಶಪಿಸಿಕೊಂಡಳು.

ಸಮಿತಿಯ ಪದ್ಮಾವತಿ ಮೇಡಂ ಕೀಟಶಾಸ್ತ್ರದವರು. ಸೀಸೆ ನೋಡಿದ್ದೇ ಹುಬ್ಬು ಗಂಟಿಕ್ಕಿದರು. “ಇದನ್ನು ಇಲ್ಲಿಟ್ಟವರು ಯಾರು?”

“ನಮ್ಮ ಗೆಸ್ಟ್ ಲೆಕ್ಚರರ್ ರೀ ಮೇಡಂ,” ಎಂದರು ಅಮರಗುಂಡಪ್ಪ, ರೆಪ್ಪೆ ಬಡಿಯದೆ. “ಎಂಥೆಂಥವರನ್ನ ತಗೋಬೇಕಾಗ್ತದ, ತಮಗ ಗೊತ್ತಿರೂದಲ್ರಿ.”

ಮೇಡಂ ನಕ್ಕರು. ಅನುಪಮಾ ತನ್ನ ರಿಜಿಸ್ಟರ್ ತಂದು ಅವರ ಮುಂದೆ ಬಿಚ್ಚಿ ಇಟ್ಟಳು. ಆರು ವರ್ಷದ ಹಿಂದಿನ ಪುಟ, ಅವಳದೇ ಅಕ್ಷರ: ಗೆದ್ದಲು, ಜಿರಳೆ ಬಳಗ.

“ಇವತ್ತ ಮುಂಜಾನಿ ಸರ್ ತೆಗೆದು ಇಟ್ಟಾರ್ರಿ. ನಾ ಬ್ಯಾಡ ಅಂದೆ.”

ಮೇಡಂ ಪುಟ ಓದಿದರು. ಓದಿ, ಅರ್ಥವಾಗಿ, ರಿಜಿಸ್ಟರ್ ಮುಚ್ಚಿದರು. “ಇರಲಿ ಬಿಡಮ್ಮ. ಸರಿ ಮಾಡಿಡು,” ಎಂದು ಅಮರಗುಂಡಪ್ಪನವರ ಕಡೆ ತಿರುಗಿ, “ಕಲೆಕ್ಷನ್ ಚೆನ್ನಾಗಿದೆ ಸರ್,” ಎಂದರು.

ಅಷ್ಟರಲ್ಲಿ ದಾದೇಸಾಬ ಚಹಾ ತಂದ. ತಟ್ಟೆಯಲ್ಲಿ ಆರು ಪಿಂಗಾಣಿ ಕಪ್ಪು, ಒಂದು ಪೇಪರ್ ಕಪ್ಪು.

“ಹುಳದ ಮೈ ನೋಡಿ ಬಳಗ ಹೇಳ್ತೀರಿ ಮೇಡಂ,” ಎಂದಳು ಅನುಪಮಾ. “ನನ್ನ ಮೈಯಾಗ ಏನ್ ಬ್ಯಾರೆ ಕಂಡ್ರಿ?”

ಎಲ್ಲರೂ ತಮ್ಮ ತಮ್ಮ ಪಿಂಗಾಣಿ ಕಪ್ಪು ಎತ್ತಿಕೊಂಡು ಚಹಾ ಕುಡಿದರು.

ವಾರದೊಳಗೆ ಅಶ್ವಿನಿಗೆ ಕಾಯಂ ಆಯಿತು. ಅನುಪಮಾಳ ಹೆಸರು ಗೆಸ್ಟ್ ಪಟ್ಟಿಯಲ್ಲೂ ಇರಲಿಲ್ಲ. ಕೊನೆಯ ದಿನ ಪೆಟ್ಟಿಗೆ ತೆರೆದು ಗೆದ್ದಲಿನ ಸೀಸೆಯನ್ನು ಜಿರಳೆಯ ಪಕ್ಕಕ್ಕೆ ಇಟ್ಟಳು. ಅವತ್ತಿನ ಪೇಪರ್ ಕಪ್ಪನ್ನು ಚಪ್ಪಟೆ ಮಾಡಿ, ಇರುವೆಗಳ ನಡುವೆ ಖಾಲಿಯಾದ ಜಾಗಕ್ಕೆ ಸೂಜಿ ಚುಚ್ಚಿ ನಿಲ್ಲಿಸಿ, ಕೆಳಗೆ ಚೀಟಿ ಬರೆದಳು. ಸಿಕ್ಕ ಜಾಗ: ಸ್ಟಾಫ್ ರೂಮು, ಸಿಂಧನೂರು. ಹಿಡಿದವರು: ಅನುಪಮಾ ಅಂಬಪ್ಪ. ಬಳಗ ಎಂಬಲ್ಲಿ ಏನೂ ಬರೆಯಲಿಲ್ಲ. ಅದನ್ನು ಹೇಳುವುದು ಅಮರಗುಂಡಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.