ಡಂಗುರ ವಕೀಲರು ಬಾಯಿ ಮುಚ್ಚಿದ್ದು

ಡಂಗುರ ವಕೀಲರು ಕೋರ್ಟಿನ ವರಾಂಡದಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಮಾಳಿಗೆಯ ಪಾರಿವಾಳಗಳೆಲ್ಲ ಎದ್ದು ಪಕ್ಕದ ಊರಿಗೆ ಹೋಗಿ ಸಂಸಾರ ಹೂಡುತ್ತಿದ್ದವು. ಹೆತ್ತವರು ಇಟ್ಟ ಹೆಸರು ಅವರಿಗೇ ಮರೆತುಹೋಗಿತ್ತು. ಊರಿಗೆ ಊರೇ ಡಂಗುರ ಎನ್ನುತ್ತಿತ್ತು, ಅವರೂ ಅದಕ್ಕೇ ಓಗೊಡುತ್ತಿದ್ದರು. ಯಾರ ಮನೆಯಲ್ಲಿ ಹಾಲು ಒಡೆಯಿತು, ಯಾರ ಅಳಿಯ ಮುನಿಸಿಕೊಂಡು ಎದ್ದುಹೋದ, ಇಂಥ ಸುದ್ದಿಗಳು ನಡೆಯುವ ಮೊದಲೇ ಅವರ ಬಾಯಿಂದ ಹೊರಬಿದ್ದಿರುತ್ತಿದ್ದವು. ಆದರೆ ಕಕ್ಷಿದಾರ ಎದುರಿಗೆ ಕೂತು ಹೇಳಿದ ಮಾತು ಮಾತ್ರ ಬಾವಿಗೆ ಬಿದ್ದ ಕಲ್ಲು. ಆನೆ ಕಟ್ಟಿ ಎಳೆದರೂ ಮೇಲಕ್ಕೆ ಬರುತ್ತಿರಲಿಲ್ಲ.

ಅಂಥದೊಂದು ಕಲ್ಲನ್ನು ಪಿಯಾನೊ ಶ್ರುತಿ ಮಾಡುವವನು ಅವರ ಹೊಟ್ಟೆಗೆ ಹಾಕಿ ಹೋಗಿದ್ದ. ಅವನ ಅಂಗಡಿಯನ್ನು ಖಾಲಿ ಮಾಡಿಸಲು ಕಟ್ಟಡದ ಮಾಲೀಕ ದಾವೆ ಹೂಡಿದ್ದ. ಅದರ ಮಾತುಕತೆಗೆ ಬಂದ ಶ್ರುತಿಗಾರ ಮೊದಲು ಬಾಗಿಲು ಹಾಕಿದ, ಆಮೇಲೆ ಕಿಟಕಿ ಹಾಕಿದ, ಗೋಡೆಯ ಮೇಲಿದ್ದ ಹಲ್ಲಿಯನ್ನೂ ಓಡಿಸಿದ. ಅಷ್ಟಾದ ಮೇಲೆ ಉದ್ದನೆಯ ಕೂದಲನ್ನು ಸರಿಸಿ ಕಿವಿ ತೋರಿಸಿದ. ಒಳಗೊಂದು ಪುಟ್ಟ ಯಂತ್ರ, ಅದರಿಂದ ಹೊರಟ ಕೂದಲೆಳೆಯಂಥ ತಂತಿ. ಕಿವಿ ಮಂದವಾಗಿ ವರ್ಷ ದಾಟಿತ್ತು. ಯಂತ್ರ ಬಂದದ್ದು ಈಚೆಗೆ.

"ಕಿವುಡ ಶ್ರುತಿಗಾರನ ಹತ್ರ ಯಾರು ಬರ್ತಾರೆ ವಕೀಲರೇ? ಸಂಗೀತ ಶಾಲೆ ಮೇಡಂಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಅಂಗಡಿ ಉಳಿದ್ರೂ ಒಳಗೆ ಕೂತು ನೊಣ ಹೊಡೀಬೇಕಷ್ಟೆ."

ಅವನ ಅರ್ಧ ಅನ್ನ ಬರುತ್ತಿದ್ದದ್ದು ಆ ಶಾಲೆಯ ಪಿಯಾನೊಗಳಿಂದಲೇ. ಡಂಗುರ ವಕೀಲರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು.

ಅಂದು ಊಟಕ್ಕೆ ಕೂತವರು ತುಟಿ ಬಿಚ್ಚದೆ ತಿಂದದ್ದು ನೋಡಿ ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

"ಏನನ್ನೋ ನುಂಗ್ಕೊಂಡು ಕೂತಿದೀರಿ. ನನ್ನ ಹತ್ರಾನೂ ಹೇಳಬಾರದೇನ್ರೀ?"

"ಹೇಳೋ ಹಾಗಿದ್ದಿದ್ರೆ ಇಷ್ಟೊತ್ತಿಗೆ ಎದುರುಮನೆಯೋರಿಗೂ ಗೊತ್ತಾಗಿರ್ತಿತ್ತಲ್ಲೇ."

ಇದು ಹೀಗಿರಲಾಗಿ, ಕೋರ್ಟಿಗೆ ಹೊಸ ನ್ಯಾಯಾಧೀಶೆ ಬಂದರು. ಅವರ ಶಿಸ್ತು ಎಂಥದೆಂದರೆ, ಅವರು ಬಂದು ಕೂತರೆಂದರೆ ಫ್ಯಾನು ಕಿರ್ರೆನ್ನುವುದನ್ನು ಬಿಟ್ಟು ಕೈಕಟ್ಟಿಕೊಂಡು ತಿರುಗುತ್ತಿತ್ತು. ಕಾಲ ಮೇಲೆ ಕಾಲು ಹಾಕಿದವರು, ಬಾಯಲ್ಲೇನೋ ಜಗಿಯುತ್ತಿದ್ದವರು ಅವರ ಒಂದೇ ನೋಟಕ್ಕೆ ಉಪ್ಪಿನ ಗೊಂಬೆಯಂತೆ ಕರಗಿಹೋಗುತ್ತಿದ್ದರು. ಒಬ್ಬ ಭೂಪ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಾಡು ಕೇಳುತ್ತ ಸಿಕ್ಕಿಬಿದ್ದು, ಕೋರ್ಟು ಏಳುವವರೆಗೆ ಗೋಡೆಗೆ ಒರಗದೆ ನಿಂತಿದ್ದ.

ಹಾಗಾಗಿ ಡಂಗುರ ವಕೀಲರು ತಮ್ಮ ಶ್ರುತಿಗಾರನನ್ನು ಮದುವೆಗಂಡಿನಂತೆ ತಯಾರು ಮಾಡಿದರು. ಕಟಕಟೆಗೆ ಒರಗಬಾರದು, ಜೇಬಿಗೆ ಕೈ ಹಾಕಬಾರದು, ಪ್ರಶ್ನೆ ಮುಗಿಯುವ ಮೊದಲು ಉತ್ತರ ಶುರುಮಾಡಬಾರದು, ಫೋನು ಮನೆಯಲ್ಲೇ ಇರಲಿ. ಹೇಳುವುದೆಲ್ಲ ಮುಗಿದ ಮೇಲೂ ಬಾಯಿ ಸುಮ್ಮನಿರಬೇಕಲ್ಲ. ಅವನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ ಇನ್ನೊಂದು ಸೇರಿಸಿದರು: "ಆ ಜಟೆ ಏನಯ್ಯಾ, ಕತ್ತರಿಸ್ಕೊಂಡು ಬಾ. ಸಾಕ್ಷಿ ಹೇಳೋನು ನೀಟಾಗಿರ್ಬೇಕು."

ವಿಚಾರಣೆಯ ದಿನ ಸಂಗೀತ ಶಾಲೆಯ ಮೇಡಂ ಮೊದಲು ಸಾಕ್ಷಿ ಹೇಳಿದರು. ತಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಿಂದಲೂ ಆ ಅಂಗಡಿ ಅಲ್ಲೇ ಇದೆ ಎಂದು ಖಡಾಖಂಡಿತವಾಗಿ ನುಡಿದು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಆಮೇಲೆ ಕೋರ್ಟಿನ ಜವಾನ ಶ್ರುತಿಗಾರನನ್ನು ಕೂಗಿದ. ಅವನು ಬಂದು ಕಟಕಟೆ ಹತ್ತಿದ. ಡಂಗುರ ವಕೀಲರ ಹೃದಯ ಕೆಳಗಿಳಿದು, ಕೋರ್ಟಿಗೊಂದು ಸುತ್ತು ಹಾಕಿ ವಾಪಸ್ಸು ಬಂತು.

ತಲೆ ಬೂಟಿನ ಬ್ರಶ್ಶಿನಂತಾಗಿತ್ತು. ಕಿವಿಗಳೆರಡೂ ಕೊಪ್ಪರಿಗೆಯ ಹಿಡಿಗಳಂತೆ ಅಗಲವಾಗಿ ನಿಂತಿದ್ದವು. ಬಲಗಿವಿಯ ತಂತಿ ಕಿಟಕಿಯ ಬೆಳಕಿಗೆ ಲಾರಿಯ ಹೆಡ್‌ಲೈಟಿನಂತೆ ಹೊಳೆಯುತ್ತಿತ್ತು. ಕೂದಲಿದ್ದದ್ದು ಯಾಕೆಂದು ತಿಳಿದಿದ್ದ ಏಕೈಕ ಮನುಷ್ಯನೇ ಅದನ್ನು ಕತ್ತರಿಸಲು ಹೇಳಿದ್ದ. ಶ್ರುತಿಗಾರನೋ, ವಕೀಲರು ಹೇಳಿದರೆಂದು ಚಾಚೂ ತಪ್ಪದೆ ಪಾಲಿಸಿದ್ದ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಕಿವೀಲಿ ಏನದು? ತೆಗೀರಿ."

ಶ್ರುತಿಗಾರ ಅಂಗೈಯಿಂದ ಕಿವಿ ಮುಚ್ಚಿಕೊಂಡು ಒಮ್ಮೆ ಶಾಲೆಯ ಮೇಡಂ ಕಡೆ, ಒಮ್ಮೆ ವಕೀಲರ ಕಡೆ ನೋಡಿದ. ಡಂಗುರ ವಕೀಲರು ಎದ್ದರು. ಕಿವಿನೋವು, ಹತ್ತಿ ಇಟ್ಟಿದಾನೆ ಎಂದರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದು ಚಪ್ಪಲಿ ಹಾಕಿಕೊಂಡು ಹೊರಡಲು ನಿಂತೂ ಇತ್ತು. ಪೀಠದ ಮುಂದೆ ಸುಳ್ಳು ಹೇಳುವಂತಿಲ್ಲ, ಕಕ್ಷಿದಾರನ ಗುಟ್ಟು ಬಿಚ್ಚುವಂತಿಲ್ಲ. ಸುಳ್ಳನ್ನು ಗುಟ್ಟಿನ ಪಕ್ಕಕ್ಕೇ ನುಂಗಿಕೊಂಡರು.

"ಅದು ಹಾಗೇ ಇರೋಕೆ ಅನುಮತಿ ಕೊಡ್ಬೇಕು ಮೇಡಂ."

"ಕಾರಣ?"

"ಕಾರಣ ನನಗೆ ಗೊತ್ತು. ಹೇಳೋ ಅಧಿಕಾರ ನನಗಿಲ್ಲ."

ಟೈಪಿಸ್ಟನ ಬೆರಳು ಗಾಳಿಯಲ್ಲೇ ನಿಂತಿತು. ಎದುರು ವಕೀಲ ಬಿಡುತ್ತಾನೆಯೇ? ತಟ್ಟನೆ ಎದ್ದು, ಹೊರಗಿನಿಂದ ಯಾರೋ ಸಾಕ್ಷಿಗೆ ಉತ್ತರ ಹೇಳಿಕೊಡುತ್ತಿರಬಹುದು ಎಂದು ವಿನಯದಿಂದ ವಿಷ ಸುರಿದ. ಕಕ್ಷಿದಾರನೊಡನೆ ಒಂದು ಮಾತಾಡಲು ಡಂಗುರ ವಕೀಲರು ಅವಕಾಶ ಕೇಳಿದರು. ಕಟಕಟೆ ಹತ್ತಿದ ಸಾಕ್ಷಿಗೆ ಕಿವಿಮಾತು ಹೇಳುವ ಹಾಗಿಲ್ಲ ಎಂಬ ಉತ್ತರ ಬಂತು. ಕಾರಣ ತಿಳಿಯದಿದ್ದರೆ ಇವನ ಸಾಕ್ಷ್ಯ ಇಲ್ಲಿಗೇ ಮುಗಿಯುತ್ತದೆ, ಕೋರ್ಟಿನ ಮಾತು ಮೀರಿದ್ದಕ್ಕೆ ವಕೀಲರು ಬೇರೆಯಾಗಿ ಉತ್ತರ ಕೊಡಬೇಕಾಗುತ್ತದೆ ಎಂದೂ ನ್ಯಾಯಾಧೀಶೆ ಹೇಳಿದರು. ಸಾಕ್ಷ್ಯ ಮುಗಿದರೆ ಅಂಗಡಿಯೂ ಮುಗಿದಂತೆ. ಡಂಗುರ ವಕೀಲರು ತಲೆಬಾಗಿ ನಿಂತರು, ಬಾಯಿ ಮುಚ್ಚಿ. ಆ ಮೌನದ ಭಾರಕ್ಕೆ ಕಟ್ಟಡ ಒಂದು ಗೇಣು ಕೆಳಗೆ ಕುಸಿಯಿತು ಎನ್ನುವವರು ಈಗಲೂ ಇದ್ದಾರೆ.

ಆಗ ಶ್ರುತಿಗಾರ ಕಿವಿಯಿಂದ ಕೈ ತೆಗೆದ.

"ಮೇಡಂ, ವಕೀಲರನ್ನ ಏನೂ ಅನ್ಬೇಡಿ. ಹೇಳಬೇಡಿ ಅಂದೋನು ನಾನು. ಇದು ಹಾಡು ಕೇಳೋದಲ್ಲ. ಇದಿಲ್ದಿದ್ರೆ ನನಗೆ ಕಿವಿ ಕೇಳ್ಸಲ್ಲ."

ನ್ಯಾಯಾಧೀಶೆಯ ಬಿಗಿದ ಮುಖದ ಒಂದೊಂದೇ ಗಂಟು ಬಿಚ್ಚಿತು. "ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಹಾಕ್ಕೊಂಡೇ ಇರಿ. ಕೇಳಿಸದಿದ್ರೆ ಹೇಳಿ, ಜೋರಾಗಿ ಕೇಳ್ತೀವಿ." ಆಮೇಲೆ ಇತ್ತ ತಿರುಗಿ, "ವಕೀಲರೇ, ನೀವು ಸರಿಯಾಗೇ ನಡ್ಕೊಂಡ್ರಿ. ಕೂತ್ಕೊಳ್ಳಿ" ಎಂದರು. ಕೂತುಕೊಳ್ಳಿ ಎಂಬ ಮಾತನ್ನು ಡಂಗುರ ವಕೀಲರು ಜೀವಮಾನದಲ್ಲಿ ಲಕ್ಷ ಸಲ ಕೇಳಿದ್ದರು. ಅದು ಬಿಸಿಲಲ್ಲಿ ಬಂದವನಿಗೆ ಕೊಟ್ಟ ತಣ್ಣೀರಿನಂತೆ ಗಂಟಲಿನಿಂದ ಇಳಿದದ್ದು ಅವತ್ತೇ.

ಎದುರು ವಕೀಲ ಕೇಳಿದ್ದಕ್ಕೆಲ್ಲ ಶ್ರುತಿಗಾರ ಗಂಟೆ ಹೊಡೆದಂತೆ ಉತ್ತರ ಕೊಟ್ಟ. ಸಾಕ್ಷ್ಯ ಅಚ್ಚುಕಟ್ಟಾಗಿ ದಾಖಲಾಯಿತು. ಅಂಗಡಿಯ ಕಡೆಗೆ ತಕ್ಕಡಿ ವಾಲಿದ್ದು ಕಟ್ಟಡದ ಮಾಲೀಕನ ಮುಖದಲ್ಲೇ ಕಾಣುತ್ತಿತ್ತು. ಆದರೆ ವರಾಂಡಕ್ಕೆ ಬಂದಾಗ ಶ್ರುತಿಗಾರನ ಕಾಲು ಮುಂದಕ್ಕೆ ಹೋಗಲೊಲ್ಲದು. ಶಾಲೆಯ ಮೇಡಂ ದಾರಿಗೆ ಅಡ್ಡ ನಿಂತಿದ್ದರು. ಡಂಗುರ ವಕೀಲರು ಉಸಿರು ಹಿಡಿದುಕೊಂಡರು.

"ಅಲ್ಲಪ್ಪಾ, ಹೋದ ವರ್ಷ ನೀನು ಶ್ರುತಿ ಮಾಡಿ ಹೋದ್ಮೇಲೆ ನಮ್ಮ ಪಿಯಾನೊಗಳು ಅತ್ತೆ ಸೊಸೆ ಥರ ಜಗಳ ಆಡ್ತಿದ್ವು. ಬೇರೆಯವರನ್ನ ಕರೆಯೋಕೆ ಮನಸ್ಸು ಬರದೆ ನಾನು ಒದ್ದಾಡ್ತಿದ್ದೆ. ಈಚೆಗೆ ಒಂದು ಬಿಟ್ಟು ಎಲ್ಲಾ ಮೊದಲಿನ ಹಾಗೇ ಆಯ್ತು. ಯಾರನ್ನೋ ಕದ್ದುಮುಚ್ಚಿ ಇಟ್ಕೊಂಡು ಕೆಲ್ಸ ಮಾಡಿಸ್ತಿದೀಯ ಅಂದ್ಕೊಂಡಿದ್ದೆ."

ಶ್ರುತಿಗಾರ ಬಾಯಿ ತೆರೆದ. "ನಿಮಗೆ ಗೊತ್ತಿತ್ತಾ?"

"ಕಿವಿ ಇದ್ದೋರಿಗೆಲ್ಲಾ ಗೊತ್ತಿತ್ತು. ಹಿಂದಿನ ಕೋಣೇಲಿರೋ ಪಿಯಾನೊದ ಶ್ರುತಿ ಇನ್ನೂ ನಿನ್ನ ಹಳೇ ಕಿವಿ ಕಾಲದ್ದೇ. ಮಕ್ಕಳು ಅದನ್ನ ಮುಟ್ಟಲ್ಲ. ಸೋಮವಾರ ಬಂದು ಸರಿ ಮಾಡ್ಕೊಡು."

"ಸೋಮವಾರ ಯಾಕೆ ಮೇಡಂ, ಈಗ್ಲೇ ಬರ್ತೀನಿ."

ಇಬ್ಬರೂ ಮೆಟ್ಟಿಲಿಳಿದು ಹೊರಟರು. ಯಾವ ಸ್ವರ ಎಷ್ಟು ಕೆಟ್ಟಿತ್ತು ಎಂದು ಮೇಡಂ ಹಾಡಿ ತೋರಿಸುತ್ತಿದ್ದರು. ಅಷ್ಟೇನೂ ಕೆಟ್ಟಿರಲಿಲ್ಲ ಎಂದು ಅವನು ವಾದಕ್ಕಿಳಿದಿದ್ದ. ಗೇಟು ದಾಟಿ ಅವರ ದನಿ ರಸ್ತೆಯ ಗದ್ದಲದಲ್ಲಿ ಕರಗುವವರೆಗೂ ಡಂಗುರ ವಕೀಲರು ನೋಡುತ್ತ ನಿಂತರು. ಆಮೇಲೆ ಕತ್ತಿನ ಬಿಳಿ ಪಟ್ಟಿ ಬಿಚ್ಚಿ ಜೇಬಿಗೆ ತುರುಕಿ, ಖಾಲಿ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಊರಿನ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡು ನಿಧಾನವಾಗಿ ಬಿಟ್ಟರು.