ಕೆಂಪು ಬೋರ್ಡು

ಈ ವಿಶ್ವವಿದ್ಯಾಲಯದ ಹುಡುಗರು ನನ್ನನ್ನು ಬೆನ್ನ ಹಿಂದೆ ಫ್ಯೂಸಮ್ಮ ಎನ್ನುತ್ತಾರೆ, ಎದುರಿಗೆ ಮೇಡಂ. ನಾನು ಇಲ್ಲಿ ಎಲೆಕ್ಟ್ರಿಕಲ್ ವಿಭಾಗದ ಸೂಪರ್‌ವೈಸರ್, ಅದಕ್ಕೇ ಆ ಹೆಸರು ಬಂದಿರಬೇಕು ಎಂದುಕೊಂಡು ಒಂದಷ್ಟು ದಿನ ಖುಷಿಯಾಗಿದ್ದೆ. ಮಾತು ಮಾತಿಗೂ ಹಾರಿಹೋಗುತ್ತೀಯಲ್ಲ, ಅದಕ್ಕೆ ಆ ಹೆಸರು ಎಂದು ನಮ್ಮವರು ಬಿಡಿಸಿ ಹೇಳಿದ ಮೇಲೆ ಅವರ ಮೇಲೂ ಹಾರಿದೆ. ಅವರದು ಹಿಂದಿನ ಗೇಟಿನ ಬಳಿ ಜೆರಾಕ್ಸ್ ಅಂಗಡಿ. ಕರೆಂಟ್ ಹೋದರೆ ಅವರಿಗೆ ರಜೆ, ನನಗೆ ಓಟ.

ಆ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಇಡೀ ಕ್ಯಾಂಪಸ್ಸಿಗೆ ಕರೆಂಟ್ ಇರುವುದಿಲ್ಲವೆಂದು ಹತ್ತು ದಿನ ಮೊದಲೇ ಗೊತ್ತಾಗಿತ್ತು. ಹಳೇ ಟ್ರಾನ್ಸ್‌ಫಾರ್ಮರ್ ಇಳಿಸಿ ಹೊಸದನ್ನು ಕೂರಿಸಬೇಕಿತ್ತು. ನಿಜ ಹೇಳಬೇಕೆಂದರೆ ಇಂಥ ದಿನಗಳೆಂದರೆ ನನಗೆ ಇಷ್ಟ. ಹಾಸ್ಟೆಲ್ಲಿನ ಟ್ಯಾಂಕುಗಳನ್ನು ಹಿಂದಿನ ದಿನವೇ ತುಂಬಿಸಬೇಕು, ಲಿಫ್ಟುಗಳನ್ನು ಒಂಬತ್ತಕ್ಕೆ ಐದು ನಿಮಿಷ ಮುಂಚೆ ಕೆಳಗಿಳಿಸಿ ಬಾಗಿಲು ತೆರೆದಿಟ್ಟು ಅಡ್ಡ ಕುರ್ಚಿ ಹಾಕಬೇಕು, ಜನರೇಟರ್‌ಗೆ ಡೀಸೆಲ್ ತುಂಬಿಸಬೇಕು. ಕಂಪ್ಯೂಟರ್ ವಿಭಾಗದವರಿಗೆ ಮೂರು ಸಲ ನೋಟೀಸು ಕೊಟ್ಟು ನಾಲ್ಕನೇ ಸಲ ಬಾಯಲ್ಲೇ ಹೇಳಬೇಕು. ಓದು ಕಲಿತವರಿಗೆ ನೋಟೀಸು ಓದುವ ಅಭ್ಯಾಸ ಕಡಿಮೆ.

ನಮ್ಮ ಜನರೇಟರ್ ಚಿಕ್ಕದು. ಎಲ್ಲ ಕಡೆಗೂ ಅದರಿಂದ ಕರೆಂಟ್ ಕೊಡಲು ಆಗುವುದಿಲ್ಲ. ಅದಕ್ಕೆಂದೇ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪದ್ಧತಿ ಮಾಡಿದ್ದೆ. ಯಾವ ಪಾಯಿಂಟ್‌ಗೆ ಜನರೇಟರಿನ ಲೈನ್ ಇದೆಯೋ ಆ ಮರದ ಬೋರ್ಡಿಗೆ ಕೆಂಪು ಬಣ್ಣ. ಉಳಿದವಕ್ಕೆ ಕಂದು. ಸಣ್ಣ ಮಗುವಿಗೂ ಅರ್ಥವಾಗುವ ವಿಷಯ, ಪ್ರೊಫೆಸರುಗಳಿಗೂ ಅರ್ಥವಾಗುತ್ತಿತ್ತು.

ನಮ್ಮವರ ತಂಗಿ, ಅಂದರೆ ನನ್ನ ನಾದಿನಿ, ಇಲ್ಲೇ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ಇರುವುದು ನಮ್ಮ ಮನೆಯಲ್ಲೇ. ಮೂರೂವರೆ ವರ್ಷದಿಂದ ಬೇರುಗಳ ಸುತ್ತಲಿನ ಮಣ್ಣು ಕೆರೆದು ತಂದು, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಬೆರಳುದ್ದದ ಶೀಶೆಗಳಲ್ಲಿ ತುಂಬಿ, ದೊಡ್ಡ ಫ್ರೀಜರಿನಲ್ಲಿ ಮೈನಸ್ ಎಂಬತ್ತು ಡಿಗ್ರಿಯಲ್ಲಿ ಇಟ್ಟಿದ್ದಳು. ನಾನೂರ ಹನ್ನೆರಡು ಶೀಶೆ. ಪ್ರಬಂಧ ಒಪ್ಪಿಸಲು ಎರಡು ತಿಂಗಳಿತ್ತು. ಆ ಶೀಶೆಗಳು ಕೆಟ್ಟರೆ ಮತ್ತೆ ಮೊದಲಿನಿಂದ ಮಣ್ಣು ಕೆರೆಯಬೇಕು. ಫ್ರೀಜರ್ ಹೋದ ತಿಂಗಳಷ್ಟೇ ಹಳೇ ಕಟ್ಟಡದಿಂದ ಈಗಿನ ಕಟ್ಟಡಕ್ಕೆ ಬಂದಿತ್ತು.

ಗುರುವಾರ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು. "ಅತ್ತಿಗೆ, ನಾಳೆ ಒಂದ್ಸಲ ನಮ್ಮ ಲ್ಯಾಬಿಗೆ ಬಂದು ನೋಡ್ತೀರಾ?"

"ಫ್ರೀಜರ್ ಕೆಂಪು ಬೋರ್ಡಿಗೆ ಹಾಕಿದೀಯ ತಾನೆ?"

"ಹೂಂ, ಕೆಂಪಿಗೇ ಹಾಕಿದೀನಿ."

"ಮತ್ತಿನ್ನೇನು ನೋಡೋದು?"

"ಆದ್ರೂ ಒಂದ್ಸಲ..."

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಕಣೇ. ಕೆಂಪು ಅಂದ್ರೆ ಜನರೇಟರ್. ನಾನು ಹೇಳ್ತಿದೀನಲ್ಲ, ಸಾಕು. ಸುಮ್ನೆ ತಲೆ ತಿನ್ಬೇಡ."

ಅವಳು ತಲೆ ತಗ್ಗಿಸಿ ಊಟ ಮುಗಿಸಿದಳು. ನಮ್ಮವರು ನನ್ನ ಕಡೆ ಒಂದು ನೋಟ ನೋಡಿದರು, ನಾನು ಅದನ್ನು ಕಾಣದವಳ ಹಾಗೆ ನೀರು ಕುಡಿದೆ.

ಶನಿವಾರ ಎಲ್ಲ ಗಡಿಯಾರದ ಹಾಗೆ ನಡೆಯಿತು. ಒಂಬತ್ತಕ್ಕೆ ಕರೆಂಟ್ ಹೋಯಿತು, ಜನರೇಟರ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಲಿಫ್ಟಿನಲ್ಲಿ ಯಾರೂ ಸಿಕ್ಕಿಕೊಳ್ಳಲಿಲ್ಲ. ನಮ್ಮವರು ಅಂಗಡಿಯ ಮುಂದೆ ಬೆಂಚು ಹಾಕಿಕೊಂಡು ಕಾಲು ಚಾಚಿ ಕೂತಿದ್ದರು. ನಾನೂ ಅವರ ಪಕ್ಕ ಕೂತು ಎರಡು ಬಾಳೆಹಣ್ಣು ತಿಂದೆ. ಫ್ಯಾನು, ಎಸಿ, ಪ್ರಿಂಟರ್ ಯಾವುದರ ಸದ್ದೂ ಇಲ್ಲದ ಕ್ಯಾಂಪಸ್ಸಿನಲ್ಲಿ ಹಕ್ಕಿಗಳ ಕೂಗು ಕೇಳುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಎಂದು ನಾನು ಹೇಳಿದ್ದೂ ನೆನಪಿದೆ.

ಹತ್ತೂವರೆಗೆ ನಾದಿನಿಯ ಫೋನು. "ಅತ್ತಿಗೆ, ಫ್ರೀಜರ್ ಕೀ ಕೀ ಅಂತಿದೆ. ಕರೆಂಟೇ ಇಲ್ಲ ಅದಕ್ಕೆ."

ನನ್ನ ಮಾತು ನಂಬಿ ಅವಳು ತಲೆಗೆ ಸ್ನಾನ ಮಾಡಿಕೊಂಡು, ಕೂದಲು ಒಣಗಿಸಿಕೊಂಡು, ನಿಧಾನವಾಗಿ ಲ್ಯಾಬಿಗೆ ಬಂದಿದ್ದಳು. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಓಡಿದೆ. ಐವತ್ತು ದಾಟಿದ ನಾನು ಎರಡನೇ ಮಹಡಿಗೆ ಹೇಗೆ ಹತ್ತಿದೆನೋ ತಿಳಿಯದು. ಕಾರಿಡಾರಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಆ ತುದಿಯಿಂದ ಈ ತುದಿಯವರೆಗೆ, ಗೋಡೆ ಗೋಡೆಯಲ್ಲೂ, ಒಂದೊಂದು ಬೋರ್ಡೂ ಕೆಂಪು. ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು.

"ಇದ್ಯಾರಪ್ಪ ಮಾಡಿದ್ದು?" ಎಂದು ಕಿರುಚಿದೆ.

ವಿಭಾಗದ ಅಟೆಂಡರ್ ನಗುತ್ತ ಬಂದ. "ಚೆನ್ನಾಗಿದೆ ಅಲ್ವಾ ಮೇಡಂ? ಇನ್‌ಸ್ಪೆಕ್ಷನ್ ಕಮಿಟಿ ಬರ್ತಾರೆ ಅಂತ ಬಣ್ಣ ಹೊಡೆಸಿದ್ರು. ಒಂದು ಕೆಂಪು, ಬಾಕಿದ್ದೆಲ್ಲ ಕಂದು, ನೋಡೋಕೆ ಒಂಥರಾ ಇತ್ತು. ಎಲ್ಲ ಒಂದೇ ಥರ ಇರ್ಲಿ ಅಂದ್ರು ಸಾಹೇಬ್ರು. ಪೇಂಟರ್ ಹತ್ರ ಗೇಟಿಗೆ ಹೊಡೆದು ಉಳಿದ ಕೆಂಪು ಡಬ್ಬ ಇತ್ತು."

ಅವನನ್ನು ಬೈಯಲು ಬಾಯಿ ತೆರೆದವಳಿಗೆ ಗುರುವಾರದ ಊಟ ನೆನಪಾಯಿತು. ಅವಳು ಕರೆದಿದ್ದಳು. ಬಂದು ಒಂದು ಸಲ ಕಣ್ಣು ಹಾಯಿಸಿದ್ದರೆ ಗುರುತಿಸುತ್ತಿದ್ದೆ.

ನಾದಿನಿ ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಯಾರೂ ತೆರೆಯದಿರಲಿ ಎಂದು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪರದೆ ಮೈನಸ್ ಅರವತ್ತೊಂಬತ್ತು ತೋರಿಸುತ್ತಿತ್ತು.

"ಎಷ್ಟರವರೆಗೆ ತಡಿಯುತ್ತೆ?"

"ಅರವತ್ತರವರೆಗೆ ಪರವಾಗಿಲ್ಲ. ಆಮೇಲೆ ಈ ಶೀಶೆಗಳನ್ನ ನೋಡಿ ಬರೆದ ಪ್ರಬಂಧಾನ ಯಾರೂ ನಂಬಲ್ಲ." ಅವಳ ದನಿ ನಡುಗುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು.

ಲೈನಿನವರು ಆಗಲೇ ಹಳೇ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಕೆಳಗಿಳಿಸಿದ್ದರು. ಅತ್ತ ಕಡೆಯಿಂದ ಆಸೆ ಇರಲಿಲ್ಲ. ಈ ಮಹಡಿಯಲ್ಲಿ ಜನರೇಟರ್ ಪಾಯಿಂಟ್ ಇರುವುದು ಒಂದೇ, ಅದನ್ನು ಹಾಕಿಸಿದವಳೂ ನಾನೇ. ಆದರೆ ಅದಾದ ಮೇಲೆ ಪ್ಲೈವುಡ್ ಹಾಕಿ ದೊಡ್ಡ ಹಾಲ್ ಒಂದನ್ನು ಆರು ಕೋಣೆ ಮಾಡಿದ್ದರು. ಎಲ್ಲಿತ್ತೋ ನನಗೇ ಗುರುತು ಸಿಗಲಿಲ್ಲ. ಟೆಸ್ಟರ್ ಹಿಡಿದು ಒಂದೊಂದೇ ಬೋರ್ಡು ಮುಟ್ಟುತ್ತ ಹೋದೆ. ಮೊದಲನೆಯದು ಸತ್ತಿತ್ತು. ಎರಡನೆಯದೂ. ಬೀರುವಿನ ಹಿಂದಿನದು, ಮೇಜಿನ ಕೆಳಗಿನದು, ಬಾತ್‌ರೂಮಿನ ಪಕ್ಕದ್ದು. ಒಂಬತ್ತು ಬೋರ್ಡು ಮುಗಿಯುವಷ್ಟರಲ್ಲಿ ಬೆವರಿಳಿದು ಕನ್ನಡಕ ಜಾರುತ್ತಿತ್ತು.

ಆಗ ವಿಭಾಗದ ಮುಖ್ಯಸ್ಥರ ಕೋಣೆಯಿಂದ ಕೊತಕೊತ ಎಂಬ ಸದ್ದು ಕೇಳಿತು.

ಬಾಗಿಲು ತಟ್ಟದೆ ನುಗ್ಗಿದೆ. ಸಾಹೇಬರು ಚಪ್ಪಲಿ ಬಿಟ್ಟು, ಕಾಲು ಸ್ಟೂಲಿನ ಮೇಲಿಟ್ಟು, ಪುಸ್ತಕ ಓದುತ್ತಿದ್ದರು. ಪಕ್ಕದಲ್ಲಿ ಕರೆಂಟ್ ಕೆಟಲ್ಲಿನಲ್ಲಿ ನೀರು ಕುದಿಯುತ್ತಿತ್ತು.

"ಬನ್ನಿ ಬನ್ನಿ," ಎಂದರು. "ಏನು ವ್ಯವಸ್ಥೆ ಮಾಡಿದೀರಮ್ಮ! ಇಡೀ ಕ್ಯಾಂಪಸ್ಸಿಗೆ ಕರೆಂಟ್ ಇಲ್ಲ, ನನ್ನ ಟೀಗೆ ಮಾತ್ರ ಇದೆ."

"ಸಾರ್, ಎದ್ದೇಳಿ. ಆ ಹುಡುಗಿಯ ಮೂರೂವರೆ ವರ್ಷ ನಿಮ್ಮ ಕೆಟಲ್ಲಿಗೆ ಹೋಗ್ತಿದೆ."

ಅವರು ಒಳ್ಳೆಯ ಮನುಷ್ಯ. ಎರಡನೇ ಮಾತು ಕೇಳಲಿಲ್ಲ. ಕೆಟಲ್ ಕಿತ್ತರು, ಸ್ಟೂಲು ಒದ್ದು ಬದಿಗೆ ಸರಿಸಿದರು, ಬರಿಗಾಲಲ್ಲೇ ಓಡಿಬಂದು ಫ್ರೀಜರಿಗೆ ಹೆಗಲು ಕೊಟ್ಟರು. ಅದು ಮೂರಾಳು ತೂಕ, ಆದರೆ ಅಷ್ಟು ಲೋಡು ತಡೆಯುವ ಉದ್ದನೆಯ ವೈರು ಹುಡುಕಿ ತರುವಷ್ಟು ಹೊತ್ತಿರಲಿಲ್ಲ. ನಾದಿನಿ ತನ್ನ ದುಪಟ್ಟಾ ಬಿಚ್ಚಿ ಅದರ ಬಾಗಿಲು ತೆರೆಯದ ಹಾಗೆ ಸುತ್ತಿ ಗಂಟು ಹಾಕಿದಳು. ಅಟೆಂಡರ್ ಮುಂದಿನಿಂದ ಎಳೆದ, ನಾವು ಮೂವರು ಹಿಂದಿನಿಂದ ತಳ್ಳಿದೆವು. ಹೊಸ್ತಿಲಿನಲ್ಲಿ ಚಕ್ರ ಸಿಕ್ಕಿಕೊಂಡಾಗ ಸಾಹೇಬರು ತಾವು ಓದುತ್ತಿದ್ದ ಪುಸ್ತಕವನ್ನೇ ಕೆಳಗೆ ಇಟ್ಟು ಅದರ ಮೇಲೆ ಹಾಯಿಸಿದರು. ದಪ್ಪ ಪುಸ್ತಕ, ಒಳ್ಳೆಯ ಕೆಲಸಕ್ಕೆ ಬಂತು.

ಪ್ಲಗ್ಗು ಚುಚ್ಚಿ ಸ್ವಿಚ್ ಒತ್ತಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅದರ ಹೊಟ್ಟೆಯೊಳಗೆ ಗುರ್ರ್ ಎಂದಿತು. ಪರದೆಯಲ್ಲಿ ಮೈನಸ್ ಅರವತ್ತನಾಲ್ಕು ಇತ್ತು.

ಸಾಹೇಬರೂ ಅಟೆಂಡರೂ ಹೊರಗೆ ಹೋದರು. ನಾವಿಬ್ಬರು ಅದರ ಎದುರು ನೆಲದ ಮೇಲೇ ಕೂತೆವು. ಮೈನಸ್ ಅರವತ್ತನಾಲ್ಕು ಎಷ್ಟೋ ಹೊತ್ತು ಅರವತ್ತನಾಲ್ಕಾಗಿಯೇ ಇತ್ತು. ಅರವತ್ತೈದಾದಾಗ ಅವಳು ಉಸಿರು ಬಿಟ್ಟಳು.

"ತಪ್ಪು ನಂದು ಕಣೇ," ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರಿಗೂ ನಾನು ಹೇಳಿರದ ಮಾತು ಅದು.

ಅವಳು ನನ್ನ ಕಡೆ ನೋಡಲಿಲ್ಲ. "ಬೋರ್ಡಿಗೆ ಯಾರೋ ಬಣ್ಣ ಹೊಡೆದ್ರೆ ನೀವೇನು ಮಾಡ್ತೀರಾ ಅತ್ತಿಗೆ. ಆದ್ರೆ ನಾನು ಅವತ್ತು ಕೇಳಿದ್ದು ನೀವು ಬರ್ಲಿ ಅಂತ. ಬೈಲಿ ಅಂತ ಅಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಫ್ರೀಜರಿನ ಕೋಣೆಗೇ ಜನರೇಟರ್ ಲೈನ್ ಎಳೆಸಿದೆ. ಫ್ರೀಜರನ್ನು ಮತ್ತೆ ಅದರ ಜಾಗಕ್ಕೆ ತಳ್ಳಿಸಿ, ನಾನೇ ಪ್ಲಗ್ಗು ಹಾಕಿ, ಕೈ ಒರೆಸಿಕೊಂಡೆ. "ಆಯ್ತು. ಇನ್ನು ನಿಶ್ಚಿಂತೆಯಾಗಿರು."

ನಾದಿನಿ ಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಸ್ವಲ್ಪ ತಡೆದಳು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ಮೇನ್ ತೆಗೆದು ತೋರಿಸ್ತೀರಾ?"

ಮೇನ್ ತೆಗೆದರೆ ಇಡೀ ಕಟ್ಟಡದ ಕರೆಂಟ್ ಹೋಗುತ್ತದೆ. ಕೆಳಗೆ ಎರಡು ಕ್ಲಾಸು ನಡೆಯುತ್ತಿದ್ದವು, ಸಾಹೇಬರ ಕೋಣೆಯಲ್ಲಿ ಯಾವುದೋ ಮೀಟಿಂಗು. ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಎರಡು ಮಹಡಿ ಇಳಿದು ಹೋಗಿ ಹೊರಗೋಡೆಯಲ್ಲಿದ್ದ ಮೇನ್ ತೆಗೆದೆ. ಕ್ಲಾಸುಗಳಿಂದ ಹೋ ಎಂದು ಕೂಗು ಎದ್ದಿತು, ಯಾರೋ ಶಿಳ್ಳೆ ಹೊಡೆದರು, ಇನ್ಯಾರೋ ಜೋರಾಗಿ ಫ್ಯೂಸಮ್ಮ ಎಂದು ಕಿರುಚಿದರು. ಅಷ್ಟರಲ್ಲಿ ಜನರೇಟರ್ ತಾನಾಗಿಯೇ ಹೊತ್ತಿಕೊಂಡಿತು.

ಮೇಲಿನ ಕಿಟಕಿಯಲ್ಲಿ ಅವಳ ತಲೆ ಕಾಣಿಸಿತು. "ನಡೀತಿದೆ ಅತ್ತಿಗೆ!"

"ಸರಿಯಾಗಿ ನೋಡಿದ್ಯಾ?"

"ನೋಡ್ದೆ, ಚೆನ್ನಾಗಿ ನಡೀತಿದೆ!"

"ತಾಳು," ಎಂದು ಕೂಗಿದೆ. "ಇನ್ನೊಂದ್ಸಲ ತೆಗೀತೀನಿ, ಇನ್ನೊಂದ್ಸಲ ನೋಡು."